ವಾದಿಸುವ ಅಧಿಕಾರ: ಅನಂತನಾಗ್ ಅವರ ಅಭಿನಯ, ‘ಆಕ್ಸಿಡೆಂಟ್’ ಚಿತ್ರ ಮತ್ತು ಘಟ್ಟದ ಮೇಲಣ ಅರ್ಥಗಾರಿಕೆಯ ನೋಟ

1. ಪ್ರಸ್ತಾವನೆ

ಕನ್ನಡ ಚಲನಚಿತ್ರ ವಿಮರ್ಶೆಯಲ್ಲಿ ನಟರನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಎರಡು ದಾರಿಗಳಲ್ಲಿ ಸಾಗಿಬಂದಿದೆ. ಒಂದು, ಅಭಿಮಾನದ ನೆಲೆಯಿಂದ ಹುಟ್ಟಿದ ಜೀವನಚಿತ್ರಣ. ಮತ್ತೊಂದು, ನಿರ್ದೇಶಕನನ್ನು ಕೇಂದ್ರದಲ್ಲಿರಿಸಿಕೊಂಡು ನಟನನ್ನು ಆತನ ಉಪಕರಣವೆಂದು ಪರಿಗಣಿಸುವ ಕೃತಿವಿಮರ್ಶೆ. ಇವೆರಡರ ನಡುವೆ ನಟನ ಮಾತನ್ನೇ ಒಂದು ಪಠ್ಯವೆಂದು ಭಾವಿಸಿ ಪರಿಶೀಲಿಸುವ ಪ್ರಯತ್ನಗಳು ವಿರಳ. ಆದರೆ ಮಾತಿನ ಕಲೆಗೆ ದೀರ್ಘವಾದ ಪರಂಪರೆಯೂ ಸೂಕ್ಷ್ಮವಾದ ಪರಿಭಾಷೆಯೂ ಇರುವ ಕನ್ನಡದಂತಹ ಸಂಸ್ಕೃತಿಯಲ್ಲಿ ಅಂಥ ಪರಿಶೀಲನೆಗೆ ಬೇಕಾದ ಸಲಕರಣೆಗಳು ಹೊರಗಿನಿಂದ ಬರಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲೂಕುಗಳಲ್ಲಿ ಜೀವಂತವಾಗಿರುವ ತಾಳಮದ್ದಲೆಯ ಅರ್ಥಗಾರಿಕೆ ಅಂಥದೊಂದು ಸಲಕರಣೆ.

ಪ್ರಸ್ತುತ ಲೇಖನವು ಈ ಅರ್ಥಗಾರಿಕೆಯ ಮಾನದಂಡಗಳಿಂದ ಅನಂತನಾಗ್ ಅವರ ಅಭಿನಯವನ್ನು, ವಿಶೇಷವಾಗಿ ಶಂಕರನಾಗ್ ನಿರ್ದೇಶನದ ‘ಆಕ್ಸಿಡೆಂಟ್’ (1985) ಚಿತ್ರದಲ್ಲಿನ ಅವರ ರಾಜಕಾರಣಿಯ ಪಾತ್ರವನ್ನು, ವಿವೇಚಿಸುತ್ತದೆ. ಅಧಿಕಾರವು ಬಲದಿಂದ ಮಾತ್ರವಲ್ಲದೆ ವಾದದಿಂದಲೂ ಉಳಿದುಕೊಳ್ಳುತ್ತದೆ ಎಂಬುದನ್ನು ಈ ಅಭಿನಯ ತೋರಿಸಿಕೊಡುತ್ತದೆ. ಅದೇ ವೇಳೆಗೆ ಮಾತುಗಾರಿಕೆಯನ್ನು ಮೆಚ್ಚುವ ಪ್ರೇಕ್ಷಕ ಸಂಸ್ಕೃತಿಯ ಮಿತಿಯನ್ನೂ ಬಯಲಿಗೆ ತರುತ್ತದೆ ಎಂಬುದು ಇಲ್ಲಿನ ಪ್ರತಿಪಾದನೆ.

2. ನೋಡುವ ರೂಢಿ: ತಾಳಮದ್ದಲೆ ಮತ್ತು ಪ್ರತಿನಾಯಕ

ಘಟ್ಟದ ಕೆಳಗಿನ ಹೊನ್ನಾವರ, ಕುಮಟಾ ಪ್ರದೇಶಗಳ ಯಕ್ಷಗಾನ ಮೇಳಗಳು ಘಟ್ಟವೇರಿ ಬಂದು ಆಟವಾಡುವುದು ಈ ಮೂರು ತಾಲೂಕುಗಳಿಗೆ ಹಳೆಯ ರೂಢಿ. ಹಾಗೆಯೇ ಘಟ್ಟದ ಮೇಲಿನ ಪ್ರತಿಭೆಗಳೂ ಮೇಳಗಳನ್ನು ಬೆಳೆಸಿವೆ. ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರು ಕೆರೆಮನೆ ಮೇಳದ ಭಾಗವತರಾಗಿ ದೀರ್ಘಕಾಲ ದುಡಿದರು. ಹೊಸ್ತೋಟ ಮಂಜುನಾಥ ಭಾಗವತರು ಪ್ರಸಂಗಕರ್ತರಾಗಿ, ಗುರುಗಳಾಗಿ ನಾಡಿನಾದ್ಯಂತ ಶಿಷ್ಯರನ್ನು ರೂಪಿಸಿದರು. ಬಯಲಾಟಕ್ಕೆ ಅನುಕೂಲವಿಲ್ಲದ ಮಳೆಗಾಲದಲ್ಲಿ ವೇಷ, ಕುಣಿತಗಳನ್ನು ಬಿಟ್ಟು ಹಾಡು ಮತ್ತು ಮಾತುಗಳನ್ನಷ್ಟೇ ಉಳಿಸಿಕೊಂಡ ತಾಳಮದ್ದಲೆ ಮನೆಯ ಜಗಲಿಗಳಲ್ಲಿ, ದೇವಸ್ಥಾನಗಳಲ್ಲಿ ನಡೆಯುತ್ತದೆ.

ತಾಳಮದ್ದಲೆಯ ಕೇಳುಗನಿಗೆ ಕಥೆ ಮೊದಲೇ ಗೊತ್ತಿರುತ್ತದೆ. ವಾಲಿ ಸಾಯುತ್ತಾನೆ, ಕೃಷ್ಣನ ಸಂಧಾನ ಮುರಿಯುತ್ತದೆ, ಕೌರವನ ತೊಡೆ ಒಡೆಯುತ್ತದೆ. ಆದ್ದರಿಂದ ಅವನ ಕುತೂಹಲ ‘ಮುಂದೇನು’ ಎಂಬುದರ ಮೇಲೆ ನಿಂತಿರುವುದಿಲ್ಲ. ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲಿ ಹೇಗೆ ಪ್ರಶ್ನಿಸುತ್ತಾನೆ, ರಾಮನ ಸಮಾಧಾನ ಎಷ್ಟರಮಟ್ಟಿಗೆ ಸಮರ್ಥವಾಗಿದೆ, ಸೋಲಲಿರುವವನ ಪಕ್ಷದಲ್ಲಿ ಎಷ್ಟು ಸತ್ಯವನ್ನು ಅರ್ಥಧಾರಿ ಹುಡುಕಬಲ್ಲ ಎಂಬುದೇ ಅಲ್ಲಿನ ರಸಸ್ಥಾನ. ಹೀಗಾಗಿ ಪ್ರತಿನಾಯಕನ ಪಾತ್ರಕ್ಕೆ ಈ ಪರಂಪರೆಯಲ್ಲಿ ಅಸಾಧಾರಣ ಗೌರವವಿದೆ. ರಂಗದ ಮೇಲೂ ಇದೇ ಸ್ಥಿತಿ. ಕೆರೆಮನೆ ಶಿವರಾಮ ಹೆಗಡೆಯವರ ಕೌರವ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ಹಾಗೂ ಭಸ್ಮಾಸುರ ಪಾತ್ರಗಳು ನಾಯಕ ಪಾತ್ರಗಳಿಗಿಂತ ಹೆಚ್ಚಾಗಿ ಜನಮನದಲ್ಲಿ ಉಳಿದಿರುವುದು ಆಕಸ್ಮಿಕವಲ್ಲ.

ಇದರೊಂದಿಗೆ ಭಾಷೆಯ ಒಂದು ವಿಶೇಷವನ್ನೂ ಗಮನಿಸಬೇಕು. ಮನೆಯಲ್ಲಿ ಹವ್ಯಕ ಕನ್ನಡವನ್ನೋ, ಕೊಂಕಣಿಯನ್ನೋ, ಬೇರೊಂದು ಸಮುದಾಯದ ನುಡಿಯನ್ನೋ ಆಡುವ ವ್ಯಕ್ತಿ ಅರ್ಥ ಹೇಳಲು ಕುಳಿತಾಗ ಗ್ರಾಂಥಿಕವಾದ ಇನ್ನೊಂದು ಕನ್ನಡಕ್ಕೆ ಏರುತ್ತಾನೆ. ಕಲಿತು ಗಳಿಸಿದ ಆ ಕನ್ನಡದಲ್ಲಿ ಸಹಜತೆಯನ್ನು ಸಾಧಿಸುವುದೇ ಅರ್ಥಧಾರಿಯ ಶಕ್ತಿ. ಈ ಪ್ರದೇಶದ ಪ್ರೇಕ್ಷಕನಿಗೆ ಚಲನಚಿತ್ರದ ಸಂಭಾಷಣೆಯನ್ನು ತೂಗಿ ನೋಡುವ ಕಿವಿಯನ್ನು ಕೊಟ್ಟಿರುವುದೂ ಇದೇ. ಸಿದ್ದಾಪುರಕ್ಕೆ ಹೊಂದಿಕೊಂಡ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1973ರಲ್ಲಿ ಆರಂಭವಾದ ನೀನಾಸಮ್ ಚಿತ್ರಸಮಾಜವು ಇಂಥ ಗ್ರಾಮೀಣ ಪ್ರೇಕ್ಷಕನನ್ನೇ ನಂಬಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಗೆ ತಂದಿತೆಂಬುದು ಇಲ್ಲಿ ಸ್ಮರಣೀಯ.

3. ಅನಂತನಾಗ್: ಧ್ವನಿ ಮತ್ತು ಮೌನಗಳ ನಡುವೆ

1948ರ ಸೆಪ್ಟೆಂಬರ್ 4ರಂದು ಜನಿಸಿದ ಅನಂತನಾಗ್ ಕೊಂಕಣಿ ಮಾತೃಭಾಷೆಯ ಕುಟುಂಬದವರು. ಬಾಲ್ಯದ ವಿದ್ಯಾಭ್ಯಾಸ ಕಾಸರಗೋಡು ಸೀಮೆಯ ಕಾಞಂಗಾಡಿನ ಆನಂದಾಶ್ರಮದ ಪರಿಸರದಲ್ಲಿ ಹಾಗೂ ಭಟ್ಕಳ ತಾಲೂಕಿನ ಶಿರಾಲಿಯ ಚಿತ್ರಾಪುರ ಮಠದ ಪರಿಸರದಲ್ಲಿ ನಡೆಯಿತು. ಮುಂದೆ ಮುಂಬಯಿಯಲ್ಲಿ ಕೊಂಕಣಿ, ಮರಾಠಿ, ಕನ್ನಡ ಹಾಗೂ ಹಿಂದಿ ರಂಗಭೂಮಿಗಳ ಸಂಪರ್ಕ ಅವರಿಗೆ ಒದಗಿತು. ಆದ್ದರಿಂದ ಅವರ ಕನ್ನಡ ಒಂದೇ ಊರಿನ ಆಡುಮಾತಲ್ಲ. ಕರಾವಳಿಯ ಸ್ಪಷ್ಟ ಉಚ್ಚಾರ, ರಂಗಭೂಮಿಯ ಶ್ವಾಸನಿಯಂತ್ರಣ, ಹಲವು ಭಾಷೆಗಳ ನಡುವೆ ಬದುಕಿದವನ ಎಚ್ಚರ ಇವು ಸೇರಿ ರೂಪುಗೊಂಡ ಕನ್ನಡವದು. ಗಳಿಸಿದ ಭಾಷೆಯಲ್ಲಿ ಸಹಜತೆಯನ್ನು ಸಾಧಿಸುವ ಅರ್ಥಧಾರಿಯ ಸ್ಥಿತಿಗೆ ಇದು ಬಹಳ ಹತ್ತಿರದ್ದು.

ಅವರ ಆರಂಭದ ಎರಡು ಮುಖ್ಯ ಪಾತ್ರಗಳನ್ನು ಒಟ್ಟಿಗೆ ಇರಿಸಿ ನೋಡಿದರೆ ಕುತೂಹಲಕರವಾದ ಅಂಶವೊಂದು ಗೋಚರಿಸುತ್ತದೆ. ಶ್ಯಾಮ್ ಬೆನೆಗಲ್ ಅವರ ‘ಅಂಕುರ್’ (1974) ಚಿತ್ರದ ಸೂರ್ಯ, ಜಮೀನ್ದಾರನ ಮಗ. ಅವನು ಕೊನೆಗೆ ಚಾವಟಿ ಬೀಸುವುದು ಕಿವಿ ಕೇಳದ, ಮಾತು ಬಾರದ ಕಿಷ್ಟಯ್ಯನ ಮೇಲೆ. ಇಲ್ಲಿ ಅಧಿಕಾರವಿರುವವನು ದುರ್ಬಲ. ಅವನ ಭಯವೇ ಹಿಂಸೆಯಾಗುತ್ತದೆ. ತ.ರಾ. ಸುಬ್ಬರಾಯರ ಕಾದಂಬರಿಯನ್ನು ಆಧರಿಸಿದ ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಯಲ್ಲಿ (1975) ಇದರ ವಿರುದ್ಧ ಸ್ಥಿತಿಯಿದೆ. ಪ್ರಭುತ್ವದ ಎದುರು ಹಾಡಲೊಪ್ಪದ ಗಾಯಕ ಭೈರವಿ ವೆಂಕಟಸುಬ್ಬಯ್ಯ ತನ್ನ ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಒಂದೆಡೆ ಮೂಕನನ್ನು ಹೊಡೆಯುವ ಅಧಿಕಾರ, ಇನ್ನೊಂದೆಡೆ ಅಧಿಕಾರದ ಮುಂದೆ ಮೂಕನಾಗುವ ಕಲಾವಿದ. ಧ್ವನಿಗೂ ಅಧಿಕಾರಕ್ಕೂ ಇರುವ ಸಂಬಂಧವು ಈ ನಟನ ಪಾತ್ರಜೀವನದ ಆರಂಭದಲ್ಲಿಯೇ ಹೀಗೆ ಎರಡು ತುದಿಗಳಲ್ಲಿ ಕಾಣಿಸಿಕೊಂಡಿದೆ.

‘ನಿಶಾಂತ್’ (1975), ‘ಮಂಥನ್’ (1976), ‘ಭೂಮಿಕಾ’ (1977) ಚಿತ್ರಗಳ ಜೊತೆಜೊತೆಗೇ ‘ಬಯಲುದಾರಿ’ (1976), ‘ನಾ ನಿನ್ನ ಬಿಡಲಾರೆ’ (1979), ‘ಚಂದನದ ಗೊಂಬೆ’ (1979) ಚಿತ್ರಗಳ ಮೂಲಕ ಅವರು ಜನಪ್ರಿಯ ನಾಯಕನಟರೂ ಆದರು. ಎಂ.ಎಸ್. ಸತ್ಯು ಅವರ ‘ಕನ್ನೇಶ್ವರ ರಾಮ’ದಲ್ಲಿ (1977) ಬಂಡಾಯಗಾರನಾಗಿ, ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ‘ಬರ’ದಲ್ಲಿ ಜಿಲ್ಲಾಧಿಕಾರಿಯಾಗಿ, ಅನಂತಮೂರ್ತಿಯವರದೇ ಕಾದಂಬರಿಯಿಂದ ರೂಪುಗೊಂಡ ಕೃಷ್ಣ ಮಾಸಡಿ ನಿರ್ದೇಶನದ ‘ಅವಸ್ಥೆ’ಯಲ್ಲಿ (1987) ರಾಜಕೀಯ ನಾಯಕ ಕೃಷ್ಣಪ್ಪನಾಗಿ, ಕೋಡ್ಲು ರಾಮಕೃಷ್ಣ ನಿರ್ದೇಶನದ ‘ಉದ್ಭವ’ದಲ್ಲಿ (1990) ಎಲ್ಲರನ್ನೂ ಮಾತಿನಿಂದ ಕುಣಿಸುವ ಮಧ್ಯವರ್ತಿಯಾಗಿ ಅವರು ನಟಿಸಿದರು. ಜಮೀನ್ದಾರ, ಬಂಡಾಯಗಾರ, ಅಧಿಕಾರಿ, ಜನನಾಯಕ, ಮಧ್ಯವರ್ತಿ: ಸ್ವಾತಂತ್ರ್ಯೋತ್ತರ ಭಾರತದಲ್ಲಿ ಅಧಿಕಾರವು ತಾಳಿದ ಬಹುಪಾಲು ರೂಪಗಳು ಒಬ್ಬನೇ ನಟನ ದೇಹದ ಮೂಲಕ ಹಾದುಹೋಗಿವೆ. ಈ ಸಾಲಿನ ನಡುವೆ ‘ಆಕ್ಸಿಡೆಂಟ್’ ಚಿತ್ರದ ಧರ್ಮಾಧಿಕಾರಿ ನಿಲ್ಲುತ್ತಾನೆ.

4. ‘ಆಕ್ಸಿಡೆಂಟ್’: ಗೊತ್ತಿರುವ ಅಪರಾಧದ ರೋಚಕತೆ

ಎಂಬತ್ತರ ದಶಕದ ಆರಂಭದಲ್ಲಿ ಕನ್ನಡದಲ್ಲಿ ರಾಜಕೀಯ ರೋಚಕ ಚಿತ್ರಗಳ ಒಂದು ಪ್ರವಾಹವೇ ಕಾಣಿಸಿಕೊಂಡಿತು. ಎಚ್.ಕೆ. ಅನಂತರಾವ್ ಅವರ ಕಾದಂಬರಿಯನ್ನು ಆಧರಿಸಿ ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ ‘ಅಂತ’ (1981) ಹಾಗೂ ವಿ. ಸೋಮಶೇಖರ್ ನಿರ್ದೇಶನದ ‘ಚಕ್ರವ್ಯೂಹ’ (1983) ಅವುಗಳಲ್ಲಿ ಪ್ರಮುಖವಾದವು. ‘ಚಕ್ರವ್ಯೂಹ’ವು ‘ಇನ್‌ಕಿಲಾಬ್’ (1984) ಎಂಬ ಹೆಸರಿನಲ್ಲಿ ಹಿಂದಿಗೂ ಹೋಯಿತು. ಈ ಎರಡೂ ಚಿತ್ರಗಳಲ್ಲಿ ಅಂಬರೀಷ್ ಅವರ ನಾಯಕನ ಆಕ್ರೋಶವೇ ಕೇಂದ್ರ. ವ್ಯವಸ್ಥೆ ಪೂರ್ಣವಾಗಿ ಕೊಳೆತಿದೆ, ಅದನ್ನು ಒಬ್ಬ ವ್ಯಕ್ತಿಯ ಹಿಂಸೆಯೇ ತೊಳೆಯಬೇಕು ಎಂಬ ಭಾವ ಅಲ್ಲಿ ಪ್ರಬಲವಾಗಿದೆ. ಅಲ್ಲಿನ ರಾಜಕಾರಣಿಗಳು ಶಿಕ್ಷೆಗೆ ಕಾದಿರುವ ಖಳರು. ಅವರಿಗೆ ತಮ್ಮದೆಂಬ ಪಕ್ಷವಿಲ್ಲ.

‘ಆಕ್ಸಿಡೆಂಟ್’ ಇದಕ್ಕಿಂತ ಭಿನ್ನವಾದ ದಾರಿಯನ್ನು ಹಿಡಿಯಿತು. ವಸಂತ ಮೊಕಾಶಿಯವರ ಬರವಣಿಗೆ, ಇಳಯರಾಜಾ ಅವರ ಸಂಗೀತವಿದ್ದ ಈ ಚಿತ್ರದಲ್ಲಿ ಅನಂತನಾಗ್, ಶಂಕರನಾಗ್, ಅರುಂಧತಿ ನಾಗ್, ರಮೇಶ್ ಭಟ್, ಶ್ರೀನಿವಾಸ ಪ್ರಭು, ಅಶೋಕ್ ಮಂದಣ್ಣ, ಟಿ.ಎಸ್. ನಾಗಾಭರಣ ಮುಂತಾದ ಪರಿಚಿತ ಮುಖಗಳಿದ್ದವು. ಆದರೆ ಇಷ್ಟು ತಾರೆಯರಿದ್ದೂ ಚಿತ್ರ ಯಾರೊಬ್ಬರ ಮೆರವಣಿಗೆಯೂ ಆಗಲಿಲ್ಲ. ರಂಗಭೂಮಿಯ ತಂಡವೊಂದರಂತೆ ಪ್ರತಿಯೊಬ್ಬ ನಟನೂ ವ್ಯವಸ್ಥೆಯ ಒಂದೊಂದು ಕೊಂಡಿಯಾಗಿ ಬರುತ್ತಾನೆ. 1984ನೆಯ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಸಾಮಾಜಿಕ ಸಮಸ್ಯೆಯನ್ನು ಕುರಿತ ಅತ್ಯುತ್ತಮ ಚಿತ್ರವೆಂಬ ಗೌರವ ಇದಕ್ಕೆ ಸಂದಿತು.

ಚಿತ್ರದ ಘಟನೆ ಸರಳ. ಮಾದಕವಸ್ತುವಿನ ಅಮಲಿನಲ್ಲಿದ್ದ ಶ್ರೀಮಂತ ಯುವಕರ ಕಾರು ರಾತ್ರಿಯಲ್ಲಿ ಪಾದಚಾರಿ ಮಾರ್ಗದ ಮೇಲೆ ಮಲಗಿದ್ದ ಬಡವರ ಮೇಲೆ ಹರಿಯುತ್ತದೆ. ಅವರಲ್ಲೊಬ್ಬ ಪ್ರಭಾವಿ ರಾಜಕಾರಣಿ ಧರ್ಮಾಧಿಕಾರಿಯ ಮಗ. ಮಗನನ್ನು ಉಳಿಸಲು ತಂದೆ ತನ್ನ ಪ್ರಭಾವವನ್ನೆಲ್ಲ ಬಳಸುತ್ತಾನೆ. ಸತ್ಯವನ್ನು ಹೊರಗೆಡಹಲು ಪತ್ರಕರ್ತ ರವಿ ಹೊರಡುತ್ತಾನೆ. ತಂದೆಯ ಪಾತ್ರದಲ್ಲಿ ಅನಂತನಾಗ್, ಪತ್ರಕರ್ತನ ಪಾತ್ರದಲ್ಲಿ ಶಂಕರನಾಗ್.

ಅಪರಾಧಿ ಯಾರೆಂಬುದು ಪ್ರೇಕ್ಷಕನಿಗೆ ಆರಂಭದಲ್ಲಿಯೇ ತಿಳಿದುಬಿಡುತ್ತದೆ. ಸಾಮಾನ್ಯ ಪತ್ತೇದಾರಿ ಕಥನದ ಬಲವೆಲ್ಲ ಇರುವುದು ಯಾವ ಗುಟ್ಟಿನಲ್ಲೋ ಅದನ್ನೇ ಚಿತ್ರ ಮೊದಲಿಗೆ ಬಿಟ್ಟುಕೊಡುತ್ತದೆ. ಉಳಿಯುವ ಪ್ರಶ್ನೆ ಒಂದೇ: ಎಲ್ಲರಿಗೂ ಗೊತ್ತಾಗಬಹುದಾದ ಸತ್ಯವನ್ನು ಅಧಿಕಾರವು ಯಾವ ಯಾವ ಮಾರ್ಗಗಳಿಂದ ಇಲ್ಲವಾಗಿಸುತ್ತದೆ? ತಾಳಮದ್ದಲೆಯ ಕೇಳುಗನ ಕುತೂಹಲಕ್ಕೂ ಈ ಚಿತ್ರದ ಪ್ರೇಕ್ಷಕನ ಕುತೂಹಲಕ್ಕೂ ಇಲ್ಲಿ ನೇರವಾದ ಸಾದೃಶ್ಯವಿದೆ. ಕಥೆ ತಿಳಿದಿರುವುದರಿಂದಲೇ ಕಿವಿ ಮಾತಿನ ಕಡೆಗೆ, ವಾದದ ಕಡೆಗೆ, ವಾದದೊಳಗಿನ ಬಿರುಕಿನ ಕಡೆಗೆ ತಿರುಗುತ್ತದೆ.

ಅನಂತನಾಗ್ ಅವರ ಧರ್ಮಾಧಿಕಾರಿಯನ್ನು ಈ ನೆಲೆಯಲ್ಲಿ ನೋಡಬೇಕು. ರೂಢಿಯ ಖಳನ ಅಟ್ಟಹಾಸವಾಗಲಿ, ಕಣ್ಣು ಕೆಂಪಾಗಿಸುವ ಆರ್ಭಟವಾಗಲಿ ಈ ಅಭಿನಯದ ಆಧಾರವಲ್ಲ. ಅದು ನಿಂತಿರುವುದು ಸಂಯಮದ ಮೇಲೆ. ಪ್ರಣಯಚಿತ್ರಗಳಲ್ಲಿ ಪ್ರೇಕ್ಷಕರ ವಿಶ್ವಾಸವನ್ನು ಗಳಿಸಿದ್ದ ಅದೇ ಸೌಮ್ಯ ಧ್ವನಿ, ಅದೇ ಸುಸಂಸ್ಕೃತ ಮುಖ ಇಲ್ಲಿ ಅಪರಾಧವನ್ನು ಮುಚ್ಚಲು ನಿಯೋಜಿತವಾಗುತ್ತವೆ. ನಾಯಕನಟನಾಗಿ ಆತ ಸಂಪಾದಿಸಿದ್ದ ಸದ್ಭಾವವೇ ಪಾತ್ರದ ಬಂಡವಾಳವಾಗುತ್ತದೆ. ಮಗನ ಮೇಲಿನ ವಾತ್ಸಲ್ಯ ಎಂಬ, ಯಾರೂ ತಳ್ಳಿಹಾಕಲಾಗದ ಭಾವವು ಈ ಪಾತ್ರದ ಪಕ್ಷದಲ್ಲಿದೆ. ಧೃತರಾಷ್ಟ್ರನ ಪಾತ್ರವನ್ನು ನಿರ್ವಹಿಸುವ ಸಮರ್ಥ ಅರ್ಥಧಾರಿ ಪುತ್ರವ್ಯಾಮೋಹವನ್ನು ದೋಷವೆಂದಷ್ಟೇ ಹೇಳಿ ಮುಗಿಸುವುದಿಲ್ಲ. ಅದರೊಳಗಿನ ನೋವನ್ನು ತೆರೆದಿಟ್ಟು, ಕೇಳುಗನನ್ನು ಕ್ಷಣಕಾಲ ತನ್ನ ಪಕ್ಷಕ್ಕೆ ಎಳೆದುಕೊಳ್ಳುತ್ತಾನೆ. ಹಾಗೆ ಎಳೆದುಕೊಂಡಾಗಲೇ ಕೇಳುಗನಿಗೆ ಅಧರ್ಮದ ಆಕರ್ಷಣೆ ಎಂಥದೆಂದು ತಿಳಿಯುವುದು. ಪಾತ್ರದ ಹೆಸರಿನಲ್ಲಿ ‘ಧರ್ಮ’ ಮತ್ತು ‘ಅಧಿಕಾರ’ ಒಟ್ಟಿಗಿವೆ. ಕೃತಿಯಲ್ಲಿ ಅವು ಪರಸ್ಪರ ದೂರ ಸರಿಯುತ್ತವೆ. ಈ ವ್ಯಂಗ್ಯವನ್ನು ಅಭಿನಯವು ಒತ್ತಿ ಹೇಳದೆ ಉಳಿಸಿಕೊಂಡಿರುವುದು ಗಮನಾರ್ಹ.

ಅಣ್ಣತಮ್ಮಂದಿರನ್ನು ಎದುರಾಳಿಗಳನ್ನಾಗಿ ನಿಲ್ಲಿಸಿದ ಪಾತ್ರಹಂಚಿಕೆಯೂ ಅರ್ಥಪೂರ್ಣವೇ. ತಾಳಮದ್ದಲೆಯಲ್ಲಿ ಸಮಬಲದ ಇಬ್ಬರು ಅರ್ಥಧಾರಿಗಳಿಲ್ಲದಿದ್ದರೆ ಪ್ರಸಂಗ ಮೇಲೇಳುವುದಿಲ್ಲ. ನಿಧಾನವಾಗಿ ಪೀಠಿಕೆ ಹಾಕುವ ಅಣ್ಣನ ಗತಿಯ ಎದುರಿಗೆ ತಮ್ಮನ ಚುರುಕು, ಅವಸರ, ನೇರ ಮಾತು ನಿಲ್ಲುತ್ತವೆ. ನಿರ್ದೇಶಕನಾಗಿದ್ದ ಶಂಕರನಾಗ್ ವಾದದ ತೂಕದ ಪಾತ್ರವನ್ನು ಅಣ್ಣನಿಗೆ ಬಿಟ್ಟುಕೊಟ್ಟು ತಾನು ಓಡಾಟದ ಪಾತ್ರವನ್ನು ಇಟ್ಟುಕೊಂಡದ್ದರಲ್ಲಿ ರಂಗಭೂಮಿಯ ವಿವೇಕವಿದೆ.

5. ಕಾಲದ ಸಂದರ್ಭ: ದೊಡ್ಮನೆಯಿಂದ ವಿಧಾನಸೌಧಕ್ಕೆ

ಈ ಚಿತ್ರ ರೂಪುಗೊಂಡ ವರ್ಷಗಳು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮಟ್ಟಿಗೆ ವಿಶಿಷ್ಟವಾದವು. ಸಿದ್ದಾಪುರ ತಾಲೂಕಿನ ದೊಡ್ಮನೆಯಲ್ಲಿ 1926ರಲ್ಲಿ ಜನಿಸಿದ ರಾಮಕೃಷ್ಣ ಹೆಗಡೆಯವರು 1983ರ ಜನವರಿಯಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರಕಾರದ ಮುಖ್ಯಮಂತ್ರಿಯಾದರು. ‘ಮೌಲ್ಯಾಧಾರಿತ ರಾಜಕಾರಣ’ ಎಂಬ ನುಡಿಗಟ್ಟು ಅವರ ಹೆಸರಿನೊಂದಿಗೆ ಬೆಸೆದುಕೊಂಡಿತು. ಅಧಿಕಾರಸ್ಥರ ಮೇಲಿನ ದೂರುಗಳನ್ನು ತನಿಖೆ ಮಾಡುವ ಲೋಕಾಯುಕ್ತ ಸಂಸ್ಥೆಗೆ ಆಧಾರವಾದ ಕಾಯಿದೆ 1984ರದು. ‘ಆಕ್ಸಿಡೆಂಟ್’ ಕೇಳಿದ ಪ್ರಶ್ನೆಯನ್ನೇ, ಅಂದರೆ ಅಧಿಕಾರದಲ್ಲಿರುವವನ ತಪ್ಪನ್ನು ಯಾರು ವಿಚಾರಿಸಬೇಕು ಎಂಬುದನ್ನೇ, ಶಾಸನಸಭೆಯೂ ಅದೇ ಹೊತ್ತಿಗೆ ಕೇಳಿಕೊಳ್ಳುತ್ತಿತ್ತು.

ಹೆಗಡೆಯವರ ರಾಜಕೀಯ ಶಕ್ತಿಯ ಒಂದು ಪ್ರಮುಖ ಅಂಶವೂ ಮಾತೇ. ಮುಂದೆ 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಚಾರವಾಗಿ ಉಚ್ಚ ನ್ಯಾಯಾಲಯದ ಟೀಕೆಯ ಹಿನ್ನೆಲೆಯಲ್ಲಿ ಅವರು ರಾಜೀನಾಮೆ ಕೊಟ್ಟು ಹಿಂತೆಗೆದುಕೊಂಡರು. 1988ರಲ್ಲಿ ದೂರವಾಣಿ ಕದ್ದಾಲಿಕೆಯ ಪ್ರಕರಣದಿಂದಾಗಿ ಅಧಿಕಾರ ತ್ಯಜಿಸಿದರು. ಮೌಲ್ಯದ ಮಾತನ್ನು ಆಡಿದ ಸರಕಾರವೇ ಆ ಮೌಲ್ಯದ ಅಳತೆಗೆ ಒಳಗಾಗಬೇಕಾಯಿತು. ಇದನ್ನು ವ್ಯಕ್ತಿಯೊಬ್ಬರ ಏಳುಬೀಳಾಗಿ ಮಾತ್ರ ನೋಡುವುದು ಸಾಲದು. ಮಾತು ಮತ್ತು ಅಧಿಕಾರಗಳ ನಡುವಿನ ಅಂತರವನ್ನು ಪ್ರಜೆಗಳು ಅಳೆಯುವ ಹಕ್ಕು ಆ ದಶಕದಲ್ಲಿ ಎಷ್ಟು ಬೆಳೆಯಿತೆಂಬುದಕ್ಕೆ ಇದು ನಿದರ್ಶನ. ಸಿದ್ದಾಪುರದ ಮಗನೇ ಮುಖ್ಯಮಂತ್ರಿಯಾಗಿದ್ದ 1983ರಲ್ಲಿಯೇ ಶಿರಸಿ ತಾಲೂಕಿನ ಸಾಲ್ಕಣಿ ಪರಿಸರದ ಜನರು ಮರಗಳನ್ನು ಅಪ್ಪಿಕೊಂಡು ಸರಕಾರದ ಅರಣ್ಯ ನೀತಿಯನ್ನು ಪ್ರತಿಭಟಿಸಿದರು. ತಮ್ಮವನೆಂಬ ಅಭಿಮಾನ ಮತ್ತು ಅಧಿಕಾರದ ಮೇಲಿನ ಎಚ್ಚರ ಎರಡೂ ಒಂದೇ ಸಮಾಜದಲ್ಲಿ ಒಟ್ಟಿಗೆ ಇರಬಲ್ಲವೆಂಬುದನ್ನು ‘ಅಪ್ಪಿಕೋ’ ಚಳವಳಿ ತೋರಿಸಿತು.

ನಟ ಮತ್ತು ರಾಜಕಾರಣಿಗಳ ನಡುವಿನ ಗೆರೆಯೂ ಈ ಅವಧಿಯ ನಂತರ ತೆಳುವಾಯಿತು. ಹೆಗಡೆಯವರು ‘ಪ್ರಜಾಶಕ್ತಿ’, ‘ಮರಣ ಮೃದಂಗ’ ಚಿತ್ರಗಳಲ್ಲಿ ಕಾಣಿಸಿಕೊಂಡರು. ಅನಂತನಾಗ್ ಅವರು 1994ರಲ್ಲಿ ಜನತಾದಳದಿಂದ ಬೆಂಗಳೂರಿನ ಮಲ್ಲೇಶ್ವರ ಕ್ಷೇತ್ರದ ಶಾಸಕರಾಗಿ, ಬಳಿಕ ಜೆ.ಎಚ್. ಪಟೇಲರ ಸಂಪುಟದಲ್ಲಿ ಸಚಿವರಾದರು. 2004ರಲ್ಲಿ ಚಾಮರಾಜಪೇಟೆ ಕ್ಷೇತ್ರದಲ್ಲಿ ಎಸ್.ಎಂ. ಕೃಷ್ಣ ಅವರ ಎದುರು ಸ್ಪರ್ಧಿಸಿ ಸೋತರು. ತೆರೆಯ ಮೇಲೆ ಅಧಿಕಾರದ ಮಾತನ್ನು ಶೋಧಿಸಿದ ನಟ ನಿಜವಾದ ಸದನವನ್ನೂ ಪ್ರವೇಶಿಸಿದರು. ದಕ್ಷಿಣ ಭಾರತದ ಬೇರೆ ಕೆಲವು ತಾರೆಯರಂತೆ ಅವರ ಪಾತ್ರಗಳು ಆರಾಧನೆಯ ಮೂರ್ತಿಗಳಾಗಿ ಮತಗಳನ್ನು ತಂದುಕೊಡಲಿಲ್ಲ. ಪ್ರೇಕ್ಷಕನನ್ನು ಶಂಕಿಸಲು ಕಲಿಸಿದ ಅಭಿನಯವು ವಿಗ್ರಹವನ್ನು ಕಟ್ಟಲಾರದು ಎಂಬುದು ಇದಕ್ಕೆ ಒಂದು ಕಾರಣವಾಗಿರಬಹುದು.

6. ವಾಗ್ಮಿತೆಯ ಮಿತಿ

ಅರ್ಥಗಾರಿಕೆಯ ಮಾನದಂಡದಿಂದ ಚಿತ್ರವನ್ನು ಓದುವಾಗ ಎದುರಾಗುವ ತೊಡಕೊಂದನ್ನು ಇಲ್ಲಿ ಎತ್ತಿಕೊಳ್ಳುವುದು ಅವಶ್ಯ. ತಾಳಮದ್ದಲೆಯಲ್ಲಿ ವಾದಿ, ಪ್ರತಿವಾದಿಗಳಿಬ್ಬರಿಗೂ ಮಾತು ಬರುತ್ತದೆ. ಸಾಯುತ್ತಿರುವ ವಾಲಿಗೂ ಪ್ರಶ್ನೆ ಕೇಳುವ ಅವಕಾಶವಿದೆ. ಆದರೆ ‘ಆಕ್ಸಿಡೆಂಟ್’ ಚಿತ್ರದಲ್ಲಿ ಕಾರಿನಡಿಗೆ ಸಿಕ್ಕಿ ಸತ್ತವರಿಗೆ ಪೀಠಿಕೆಯಿಲ್ಲ, ಪ್ರತ್ಯುತ್ತರವಿಲ್ಲ. ಅವರ ಪಕ್ಷವನ್ನು ಪತ್ರಕರ್ತ ವಹಿಸಿಕೊಳ್ಳಬೇಕಾಗುತ್ತದೆ. ವಾದದ ಸೊಗಸಿಗೆ ತಲೆದೂಗುವ ಪ್ರೇಕ್ಷಕ, ವಾದಕ್ಕೆ ಬರಲಾರದವರನ್ನು ಮರೆಯುವ ಅಪಾಯವಿದೆ. ‘ಅಂಕುರ್’ ಚಿತ್ರದ ಕಿಷ್ಟಯ್ಯ ಹಾಗೂ ‘ಆಕ್ಸಿಡೆಂಟ್’ ಚಿತ್ರದ ಬೀದಿಬದಿಯ ಮೃತರು ಒಂದೇ ಸಾಲಿನವರು. ಅನಂತನಾಗ್ ಅವರ ಪಾತ್ರಗಳು ಎಷ್ಟು ಸಮರ್ಥವಾಗಿ ಮಾತನಾಡುತ್ತವೆಯೋ, ಅಷ್ಟೇ ತೀವ್ರವಾಗಿ ಮಾತಿಲ್ಲದವರ ಇರವನ್ನು ನೆನಪಿಸುತ್ತವೆ.

ಈ ಮಿತಿಯನ್ನು ಘಟ್ಟದ ಮೇಲಿನ ರಂಗಭೂಮಿಯೇ ತನ್ನ ರೀತಿಯಲ್ಲಿ ಗುರುತಿಸಿಕೊಂಡಿತು. ಎಂಬತ್ತರ ದಶಕದಲ್ಲಿ ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಸಿದ್ಧಿ ಸಮುದಾಯದವರು ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವನ್ನು ಆಡಿದರು. ಅದು ಚಿನುವಾ ಅಚಿಬೆಯ ಕಾದಂಬರಿಯ ರೂಪಾಂತರ. ಅರ್ಥ ಹೇಳುವವರ ಪಂಕ್ತಿಯ ಹೊರಗಿದ್ದ, ಆಫ್ರಿಕಾ ಮೂಲದ ಈ ಸಮುದಾಯವು ತನ್ನ ದೇಹ, ಲಯ ಹಾಗೂ ನುಡಿಗಳೊಂದಿಗೆ ರಂಗವನ್ನೇರಿದ ಕ್ಷಣವದು. ಒಂದೇ ದಶಕದ ಈ ಎರಡು ಕೃತಿಗಳನ್ನು, ಅಂದರೆ ನಗರದ ಚಲನಚಿತ್ರವನ್ನೂ ಕಾಡಂಚಿನ ನಾಟಕವನ್ನೂ, ಜೊತೆಗಿಟ್ಟು ಓದಿದಾಗ ಯಾರಿಗೆ ಮಾತು ದಕ್ಕುತ್ತದೆ ಎಂಬ ಪ್ರಶ್ನೆಯೇ ಎರಡರ ಕೇಂದ್ರದಲ್ಲಿರುವುದು ಸ್ಪಷ್ಟವಾಗುತ್ತದೆ.

7. ಅಧಿಕಾರಿಯಿಂದ ಸಾಕ್ಷಿಗೆ

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ನಡೆದ ರಸ್ತೆ ಅಪಘಾತದಲ್ಲಿ ಶಂಕರನಾಗ್ ನಿಧನರಾದರು. ಅನಂತನಾಗ್ ಅವರ ನಂತರದ ಪಾತ್ರಗಳು ‘ಗಣೇಶನ ಮದುವೆ’ (1990), ‘ಗೌರಿ ಗಣೇಶ’ (1991) ಮುಂತಾದ ಹಾಸ್ಯಚಿತ್ರಗಳಿಂದ ಹಿಡಿದು ತಂದೆಯ ಪೋಷಕ ಪಾತ್ರಗಳವರೆಗೆ ಹರಡಿಕೊಂಡವು. ಇಲ್ಲಿನ ವಿವೇಚನೆಗೆ ಮುಖ್ಯವಾದವು ಅವರ ಎಪ್ಪತ್ತರ ವಯಸ್ಸಿನ ಆಸುಪಾಸಿನ ಮೂರು ಪಾತ್ರಗಳು. ಹೇಮಂತ್ ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಿತ್ರದಲ್ಲಿ ನೆನಪನ್ನು ಕಳೆದುಕೊಳ್ಳುತ್ತಿರುವ ವೃದ್ಧ, ‘ಕೆ.ಜಿ.ಎಫ್: ಅಧ್ಯಾಯ 1’ (2018) ಚಿತ್ರದಲ್ಲಿ ಅಧಿಕಾರವು ಅಳಿಸಲೆತ್ನಿಸಿದ ಕಥೆಯನ್ನು ಹೇಳುವ ಪತ್ರಕರ್ತ ಆನಂದ್ ಇಂಗಳಗಿ; ಹೇಮಂತ್ ರಾವ್ ಅವರದೇ ‘ಕವಲುದಾರಿ’ (2019) ಚಿತ್ರದಲ್ಲಿ ದಶಕಗಳ ಹಿಂದಿನ ಕೊಲೆ ಪ್ರಕರಣವನ್ನು ಮರೆಯಲಾಗದ ನಿವೃತ್ತ ಪೊಲೀಸ್ ಅಧಿಕಾರಿ.

ಸಾಕ್ಷ್ಯವನ್ನು ಹೂಳಲು ಹವಣಿಸಿದ ಧರ್ಮಾಧಿಕಾರಿಯ ಪಾತ್ರಧಾರಿ ಮೂರು ದಶಕಗಳ ತರುವಾಯ ಸಾಕ್ಷಿಯ ಸ್ಥಾನಕ್ಕೆ ಬಂದಿರುವುದು ಗಮನಿಸತಕ್ಕ ಪಲ್ಲಟ. ‘ಆಕ್ಸಿಡೆಂಟ್’ ಚಿತ್ರದಲ್ಲಿ ತಮ್ಮನು ನಿರ್ವಹಿಸಿದ್ದ ಪತ್ರಕರ್ತನ ಕಾರ್ಯವನ್ನು ಮುಂದೆ ಅಣ್ಣನೇ ಬೇರೊಂದು 
ಚಿತ್ರದಲ್ಲಿ ನಿರ್ವಹಿಸುತ್ತಾರೆ. ಧ್ವನಿಯ ಗುಣ ಅದೇ; ಅದು ನಿಂತಿರುವ ನೆಲೆ ಬದಲಾಗಿದೆ. ಒಮ್ಮೆ ನಂಬಿಸಿ ಮರೆಸಿದ ಸೌಮ್ಯತೆ ಈಗ ನಂಬಿಸಿ ನೆನಪಿಸುತ್ತದೆ. 2025ರಲ್ಲಿ ಘೋಷಿತವಾದ ಪದ್ಮಭೂಷಣ ಗೌರವವು ಐದು ದಶಕಗಳ ಈ ವಿಸ್ತಾರಕ್ಕೆ ಸಂದ ಮನ್ನಣೆಯಾಗಿದೆ.

8. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಹೊರಹೊಮ್ಮುತ್ತವೆ. ಮೊದಲನೆಯದಾಗಿ, ‘ಆಕ್ಸಿಡೆಂಟ್’ ತನ್ನ ಕಾಲದ ಇತರ ರಾಜಕೀಯ ರೋಚಕ ಚಿತ್ರಗಳಿಂದ ಬೇರೆಯಾಗುವುದು ಅದರ ಪ್ರತಿನಾಯಕನಿಗೆ ಒಂದು ಪಕ್ಷವಿರುವುದರಿಂದ. ಆ ಪಕ್ಷಕ್ಕೆ ವಿಶ್ವಾಸಾರ್ಹತೆಯನ್ನು ತಂದುಕೊಟ್ಟದ್ದು ಅನಂತನಾಗ್ ಅವರ ಸಂಯಮದ ವಾಚಿಕ. ಎರಡನೆಯದಾಗಿ, ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತಾಳಮದ್ದಲೆಯು ಬೆಳೆಸಿರುವ ಕೇಳುವ ರೂಢಿಯು ಪುರಾಣಪ್ರಸಂಗಕ್ಕೆ ಮಾತ್ರ ಸೀಮಿತವಾದುದಲ್ಲ. ಆಧುನಿಕ ಮಾಧ್ಯಮದ ಮಾತನ್ನು ಪರೀಕ್ಷಿಸಲೂ ಅದು ಸಮರ್ಥವಾದ ವಿಮರ್ಶಾ ಉಪಕರಣವಾಗಬಲ್ಲದು. ಮೂರನೆಯದಾಗಿ, ಆ ಉಪಕರಣವನ್ನು ಬಳಸುವವರು ಪಂಕ್ತಿಯ ಹೊರಗೆ ಕುಳಿತವರ ಮೌನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿ ಯಕ್ಷಗಾನವನ್ನು ಜಾನಪದದ ಪತ್ರಿಕೆಯಲ್ಲಿಯೂ ಚಲನಚಿತ್ರವನ್ನು ಸಮೂಹ ಮಾಧ್ಯಮದ ಪತ್ರಿಕೆಯಲ್ಲಿಯೂ ಬೇರೆಬೇರೆಯಾಗಿ ಬೋಧಿಸುವ ಕ್ರಮ ರೂಢಿಯಲ್ಲಿದೆ. ಒಬ್ಬನೇ ಪ್ರೇಕ್ಷಕ ಎರಡನ್ನೂ ಒಂದೇ ಕಿವಿಯಿಂದ ಕೇಳುತ್ತಾನೆಂಬ ಸತ್ಯವನ್ನು ಈ ವಿಭಜನೆ ಮರೆಸುತ್ತದೆ. ‘ವಾಲಿಮೋಕ್ಷ’ದ ವಾದವನ್ನೂ ‘ಆಕ್ಸಿಡೆಂಟ್’ ಚಿತ್ರದ ಸಂಭಾಷಣೆಯನ್ನೂ ಒಂದೇ ತರಗತಿಯಲ್ಲಿ ಜೊತೆಗಿಟ್ಟು ಪಾಠ ಮಾಡಿದರೆ, ಅಧಿಕಾರವು ತನ್ನನ್ನು ತಾನು ಸಮರ್ಥಿಸಿಕೊಳ್ಳುವ ಬಗೆಯನ್ನು ವಿದ್ಯಾರ್ಥಿಯು ತನ್ನ ಭಾಷೆಯೊಳಗಿನಿಂದಲೇ ಗುರುತಿಸಲು ಕಲಿಯುವನು.